250 ಎಂದ ಮೇಲೆ ಹೊಣೆ ನಿಮ್ಮದು

ಕಚೇರಿಯ ಮೇಲ್ ಸರ್ವರ್ ಪೂರ್ತಿ ಕೆಟ್ಟು ನಿಂತರೆ ನನಗೆ ಅಂಥ ಆತಂಕವಾಗುವುದಿಲ್ಲ. ನಿಂತದ್ದು ಸ್ವಲ್ಪ ಹೊತ್ತಿನಲ್ಲೇ ಎಲ್ಲರಿಗೂ ತಿಳಿಯುತ್ತದೆ, ಫೋನು ಬರುತ್ತದೆ, ಹೋಗಿ ಸರಿ ಮಾಡುತ್ತೇವೆ. ಅಷ್ಟರಲ್ಲಿ ಹೊರಟಿದ್ದ ಪತ್ರಗಳು ಕಳಿಸಿದವರ ಸರ್ವರಿನಲ್ಲೇ ಸರದಿಯಲ್ಲಿ ಕಾದಿದ್ದು ಆಮೇಲೆ ಬಂದು ಸೇರುತ್ತವೆ. ನನಗೆ ಭಯ ಇರುವುದು ಎಲ್ಲವೂ ಸರಿಯಿದೆ ಎಂದು ತೋರಿಸುತ್ತಲೇ ನಡುನಡುವೆ ಒಂದೊಂದು ಪತ್ರವನ್ನು ಸದ್ದಿಲ್ಲದೆ ನುಂಗುವ ಸರ್ವರಿನದು. ಕಳಿಸಿದವರ ಪರದೆಯ ಮೇಲೆ ‘ಸೆಂಟ್’ ಎಂದು ಕಾಣುತ್ತದೆ. ತಲುಪಬೇಕಾದವರಿಗೆ ಅಂಥದೊಂದು ಪತ್ರ ಹೊರಟಿತ್ತು ಎಂಬುದೇ ಗೊತ್ತಿರುವುದಿಲ್ಲ. ಇವರು ಉತ್ತರ ಕೊಡದ ಸೊಕ್ಕಿನವರು ಎಂದು ಕಳಿಸಿದವರು ತಿಳಿಯುತ್ತಾರೆ, ಅವರು ಮಾತಿಗೆ ತಪ್ಪಿದವರು ಎಂದು ಇವರು. ನಡುವೆ ಒಂದು ಆರ್ಡರು, ಒಂದು ಅರ್ಜಿ, ಒಂದು ಸಂದರ್ಶನದ ಕರೆ ಮಣ್ಣುಪಾಲಾಗಿರುತ್ತದೆ.

ಬೆಳಗಾವಿಯ ಉದ್ಯಮಬಾಗ ಮತ್ತು ಅದರ ಆಸುಪಾಸಿನ ಸಣ್ಣ ಕಚೇರಿಗಳ ನೆಟ್‌ವರ್ಕ್, ಸರ್ವರ್, ಮೇಲ್ ನೋಡಿಕೊಳ್ಳುವುದು ನನ್ನ ಕೆಲಸ. ಫೌಂಡ್ರಿಗಳು, ಮಶೀನ್ ಶಾಪುಗಳು, ಒಂದು ಪತ್ತಿನ ಸಹಕಾರ ಸಂಘ, ಒಂದು ಕಾಲೇಜು. ಇವರಲ್ಲಿ ಯಾರಿಗೂ ಮೇಲ್ ನೋಡಿಕೊಳ್ಳಲೆಂದೇ ಒಬ್ಬ ನೌಕರನನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ. ವರ್ಷಗಳಿಂದ ಇದನ್ನು ಮಾಡುತ್ತ ಬಂದು ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ: ಮೇಲ್ ಸರ್ವರ್ ಒಂದೋ ಪತ್ರವನ್ನು ತಲುಪಿಸಬೇಕು, ಇಲ್ಲವೇ ಬಾಗಿಲಲ್ಲೇ ಕಾರಣ ಹೇಳಿ ಬೇಡವೆನ್ನಬೇಕು. ಒಳಗೆ ಕರೆದುಕೊಂಡು ಕಣ್ಮರೆ ಮಾಡುವ ಮೂರನೆಯ ದಾರಿಯನ್ನು ನಮ್ಮ ಕಚೇರಿಗಳು ಮುಚ್ಚಬೇಕು. ಇದು ತಂತ್ರಜ್ಞರ ಒಳಜಗಳವಲ್ಲ. ಜನರ ಹಣ, ಕೆಲಸ, ಹಕ್ಕು ಈ ದಾರಿಯಲ್ಲೇ ಓಡಾಡುತ್ತಿರುವಾಗ ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ.

ಒಂದು ಮಶೀನ್ ಶಾಪಿನ ಸಂಗತಿ ಹೇಳುತ್ತೇನೆ. ಯಜಮಾನರನ್ನು ಎಲ್ಲರೂ ಕಾಕಾ ಎಂದೇ ಕರೆಯುವುದು. ಪಂಪಿನ ಭಾಗಗಳನ್ನು ಟರ್ನಿಂಗ್ ಮಾಡಿ ಹೊರದೇಶಕ್ಕೂ ಕಳಿಸುತ್ತಾರೆ. ಅವರ ದೂರು ವಿಚಿತ್ರವಾಗಿತ್ತು. “ಜರ್ಮನಿಯಿಂದ ಮೇಲ್ ಬರ್ತಾವ, ಹಿಂದಿನ ಗಲ್ಲಿಯಿಂದ ಬರೂದಿಲ್ಲ ಅಂದ್ರ ಹೆಂಗವಾ ಇದು?” ಹಿಂದಿನ ಗಲ್ಲಿಯಲ್ಲಿರುವುದು ಇವರ ಮಾಲನ್ನು ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವ ಅಂಗಡಿ. ಅವರು ಟೆಸ್ಟ್ ಸರ್ಟಿಫಿಕೇಟುಗಳನ್ನು ಮೇಲಿನಲ್ಲಿ ಕಳಿಸುತ್ತಿದ್ದರು, ಇವರಿಗೆ ಒಂದೂ ಮುಟ್ಟುತ್ತಿರಲಿಲ್ಲ. ಅವರು ಕಳಿಸಿಯೇ ಇಲ್ಲ ಎಂದು ಇವರ ಸಿಟ್ಟು, ಕಳಿಸಿದ್ದನ್ನು ಇಲ್ಲವೆನ್ನುತ್ತಾರೆ ಎಂದು ಅವರ ಸಿಟ್ಟು. ಕೊನೆಗೆ ಹುಡುಗನೊಬ್ಬ ಸೈಕಲ್ಲಿನ ಮೇಲೆ ಪೆನ್‌ಡ್ರೈವ್ ತರುವುದು ರೂಢಿಯಾಗಿತ್ತು. ಲೆಕ್ಕ ನೋಡುವ ಹೆಣ್ಣುಮಗಳು ಇನ್ನೊಂದು ಮಾತು ಸೇರಿಸಿದಳು: “ವೆಬ್‌ಸೈಟಿನ್ಯಾಗಿನ ಎನ್‌ಕ್ವಾಯರಿನೂ ಬಂದ್ ಆಗ್ಯಾವ್ರೀ ಮೇಡಂ. ಮಾರ್ಕೆಟ್ ಡಲ್ ಐತಿ ಅಂತ ಬಿಟ್ಟಿದ್ವಿ.”

ಈ ಎರಡು ದೂರುಗಳ ಬೇರು ಒಂದೇ ಎಂದು ಆ ಮಾತು ಕೇಳಿದ ಕೂಡಲೇ ಅನಿಸಿತು. ಈ ಕಾರ್ಖಾನೆಯ ಮೇಲ್ ಮೊದಲು ವೆಬ್‌ಸೈಟ್ ಇದ್ದ ಹೋಸ್ಟಿಂಗ್ ಸರ್ವರಿನಲ್ಲೇ ಇತ್ತು. ಆಮೇಲೆ ಗೂಗಲ್ಲಿನ ಕಚೇರಿ ಸೇವೆಗೆ ಹೋಯಿತು. ಒಂದು ಡೊಮೇನಿನ ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ಲೋಕಕ್ಕೆಲ್ಲ ಹೇಳುವುದು ಇಂಟರ್ನೆಟ್ಟಿನ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿರುವ ಎಂಎಕ್ಸ್ ದಾಖಲೆ. ಅದನ್ನು ಸರಿಯಾಗಿಯೇ ಬದಲಿಸಿದ್ದರು. ಹಾಗಾಗಿ ಜರ್ಮನಿಯ ಪತ್ರ ನೇರ ಗೂಗಲ್ಲಿಗೆ ಹೋಗುತ್ತಿತ್ತು. ಆದರೆ ಹಳೆಯ ಹೋಸ್ಟಿಂಗ್ ಸರ್ವರಿನೊಳಗೆ ‘ಈ ಡೊಮೇನಿನ ಮೇಲ್ ಇಲ್ಲೇ ಇದೆ’ ಎಂಬ ಸೆಟ್ಟಿಂಗ್ ಹಾಗೆಯೇ ಉಳಿದಿತ್ತು. ಆ ಸರ್ವರಿನಿಂದ ಹುಟ್ಟುವ ಪತ್ರಕ್ಕೆ ಎಂಎಕ್ಸ್ ಕೇಳುವ ಪ್ರಮೇಯವೇ ಬರುವುದಿಲ್ಲ. ಅದು ಅಲ್ಲೇ ಒಳಗಿರುವ ಹಳೆಯ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ವೆಬ್‌ಸೈಟಿನ ಎನ್‌ಕ್ವಾಯರಿ ಫಾರ್ಮ್ ಕಳಿಸುತ್ತಿದ್ದುದು ಅದೇ ಸರ್ವರಿನಿಂದ. ಹಿಂದಿನ ಗಲ್ಲಿಯ ಅಂಗಡಿಯವರ ಮೇಲ್ ಕೂಡ, ಒಬ್ಬನೇ ವೆಬ್‌ಸೈಟ್ ಡಿಸೈನರ್ ಇಬ್ಬರಿಗೂ ಹೋಸ್ಟಿಂಗ್ ಮಾಡಿಕೊಟ್ಟಿದ್ದರಿಂದ, ಅದೇ ಸರ್ವರಿನಲ್ಲಿತ್ತು.

ಹಳೆಯ ಪೆಟ್ಟಿಗೆ ತೆರೆದೆವು. ಕಾಕಾ ನನ್ನ ಹಿಂದೆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಹೆಚ್ಚೂಕಡಿಮೆ ಒಂದು ಮಳೆಗಾಲದಷ್ಟು ಕಾಲದ ಪತ್ರಗಳು ಒಂದನ್ನೂ ಓದದೆ ಅಲ್ಲಿದ್ದವು. ಟೆಸ್ಟ್ ಸರ್ಟಿಫಿಕೇಟುಗಳೆಲ್ಲ ಇದ್ದವು, ಗಲ್ಲಿಯವರು ಸುಳ್ಳಾಡಿರಲಿಲ್ಲ. ಕೊಯಮತ್ತೂರಿನ ಪಂಪ್ ತಯಾರಕರೊಬ್ಬರ ವಿಚಾರಣೆ ಇತ್ತು. ಒಂದು ವಾರ ಬಿಟ್ಟು ಅದೇ ಕಂಪನಿ ಮತ್ತೆ ನೆನಪಿಸಿತ್ತು. ಮೂರನೆಯ ಸಲ ಬರೆದಿರಲಿಲ್ಲ. ಕಾಕಾ ಆ ಎರಡನೆಯ ಪತ್ರವನ್ನು ದೊಡ್ಡದು ಮಾಡಿಸಿಕೊಂಡು ಓದಿದರು. ಕೆಲಸಕ್ಕೆ ಅರ್ಜಿ ಹಾಕಿದ ಐಟಿಐ ಹುಡುಗರ ಪತ್ರಗಳೂ ಇದ್ದವು. ಸೆಟ್ಟಿಂಗನ್ನು ‘ಲೋಕಲ್’ ಇದ್ದದ್ದು ‘ರಿಮೋಟ್’ ಎಂದು ಬದಲಿಸಲು ಬೇಕಾದದ್ದು ಒಂದು ಕ್ಲಿಕ್.

ಈ ಕತೆಯಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ಹೋಸ್ಟಿಂಗ್ ಸರ್ವರಿನ ದಿನಚರಿ, ಅಂದರೆ ಲಾಗ್, ತರಿಸಿ ನೋಡಿದರೆ ಪ್ರತಿ ಪತ್ರದ ಎದುರೂ ತಲುಪಿಸಿದ ಗುರುತು, ಕೊನೆಯಲ್ಲಿ ‘ಕಂಪ್ಲೀಟೆಡ್’. ಪತ್ರ ಮುಟ್ಟಲಿಲ್ಲ ಎಂದು ಕಳಿಸಿದವರಿಗೆ ತಿಳಿಸುವ ಬೌನ್ಸ್ ಯಾರಿಗೂ ಹೋಗಿರಲಿಲ್ಲ. ಆ ಹಳೆಯ ಪೆಟ್ಟಿಗೆಯನ್ನು ಸ್ಥಳಾಂತರದ ದಿನವೇ ಅಳಿಸಿದ್ದರೆ ಸರ್ವರ್ ‘ಇಂಥ ವಿಳಾಸ ಇಲ್ಲಿಲ್ಲ’ ಎಂದು ಮೊದಲ ಪತ್ರಕ್ಕೇ ಹೇಳುತ್ತಿತ್ತು. ಗಲ್ಲಿಯವರು ಅದೇ ಸಂಜೆ ಫೋನು ಮಾಡುತ್ತಿದ್ದರು.

ಇ-ಮೇಲನ್ನು ಕಟ್ಟಿದವರು ಈ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದರು. ಸರ್ವರುಗಳು ಪತ್ರ ದಾಟಿಸುವಾಗ ಆಡುವ ಮಾತಿನ ನಿಯಮ ಎಸ್‌ಎಂಟಿಪಿ. 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಬರೆದ ನಿಯಮಪತ್ರ ಆರ್‌ಎಫ್‌ಸಿ 821 ಅದರ ಮೂಲ; ಈಗ ಬಳಕೆಯಲ್ಲಿರುವುದು 2008ರ ಆರ್‌ಎಫ್‌ಸಿ 5321. ಕಳಿಸುವ ಸರ್ವರ್ ಪತ್ರ ಒಪ್ಪಿಸಿದಾಗ ಪಡೆಯುವ ಸರ್ವರ್ ಮೂರಂಕಿಯ ಉತ್ತರ ಕೊಡಬೇಕು. 250 ಎಂದರೆ ತೆಗೆದುಕೊಂಡೆ. 4ರಿಂದ ಶುರುವಾದರೆ ಈಗ ಆಗದು, ಆಮೇಲೆ ಬಾ. 5ರಿಂದ ಶುರುವಾದರೆ ಆಗುವುದೇ ಇಲ್ಲ. ಆಮೇಲೆ ಬಾ ಎಂದಾಗ ಕಳಿಸುವವನು ಬಿಟ್ಟುಬಿಡುವ ಹಾಗಿಲ್ಲ. ನಾಲ್ಕೈದು ದಿನವಾದರೂ ಪ್ರಯತ್ನ ಮುಂದುವರಿಸಬೇಕು, ಆಗಲೂ ಆಗದಿದ್ದರೆ ಬರೆದವರಿಗೆ ತಿಳಿಸಬೇಕು. 250 ಎಂದ ಸರ್ವರಿನ ಮೇಲೆ ನಿಯಮ ಇನ್ನೂ ಬಿಗಿ: ಹೊಣೆ ಈಗ ಅದರದು, ಆಮೇಲೆ ಯಂತ್ರ ಬಿದ್ದುಹೋಯಿತು, ಜಾಗ ತುಂಬಿತು ಎಂಬ ನೆಪಗಳಿಗೆ ಪತ್ರ ಕಳೆಯುವಂತಿಲ್ಲ.

ಕಾಕಾರಿಗೆ ಇದನ್ನು ಹೇಳಲು ನಾನು ಟ್ರಾನ್ಸ್‌ಪೋರ್ಟ್ ಕಚೇರಿಯನ್ನು ನೆನಪಿಸಿದೆ. ಮಾಲು ಇಳಿಸಿಕೊಂಡು ಎಲ್‌ಆರ್ ಚೀಟಿ ಹರಿದುಕೊಟ್ಟ ಮೇಲೆ ಅದು ಟ್ರಾನ್ಸ್‌ಪೋರ್ಟಿನವನ ಹೊಣೆ. ಪ್ಯಾಕಿಂಗ್ ಸರಿಯಿಲ್ಲ, ವಿಳಾಸ ಸರಿಯಿಲ್ಲ ಅನ್ನುವುದಿದ್ದರೆ ಚೀಟಿ ಹರಿಯುವ ಮೊದಲು ಅನ್ನಬೇಕು. “ಎಲ್‌ಆರ್ ಕೊಟ್ಟು ಮಾಲು ಗೋಡೌನಿನ್ಯಾಗ ಒಗದ್ರ ನಾವು ಬಿಡ್ತೇವೇನು?” ಎಂದರು ಕಾಕಾ. ಟ್ರಾನ್ಸ್‌ಪೋರ್ಟಿನವರನ್ನು ಬಿಡುವುದಿಲ್ಲ. ಮೇಲ್ ಸರ್ವರನ್ನು ಬಿಡುತ್ತೇವೆ, ಯಾಕೆಂದರೆ ಅದು ಕೊಟ್ಟ 250 ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಸದ್ದಿಲ್ಲದೆ ನುಂಗುವ ಅಭ್ಯಾಸ ಎಲ್ಲಿಂದ ಬಂತು ಎಂದರೆ ಸ್ಪ್ಯಾಮ್‌ನಿಂದ. ಕಸದ ಪತ್ರಗಳಲ್ಲಿ ಕಳಿಸಿದವರ ವಿಳಾಸ ಬಹುತೇಕ ಖೋಟಾ. ಪತ್ರವನ್ನು ಒಳಗೆ ತೆಗೆದುಕೊಂಡು ಆಮೇಲೆ ‘ಬೇಡ’ ಎಂದು ಬೌನ್ಸ್ ಕಳಿಸಿದರೆ ಅದು ಹೋಗುವುದು ಏನೂ ಅರಿಯದ ಇನ್ಯಾರದೋ ಇನ್‌ಬಾಕ್ಸಿಗೆ. ಹೀಗೆ ಬೌನ್ಸ್ ಸುರಿಸುವ ಸರ್ವರುಗಳೇ ಕಪ್ಪುಪಟ್ಟಿ ಸೇರಿದವು. ಅದಕ್ಕೆ ಹೆದರಿದ ಆಡಳಿತಗಾರರು ಬೌನ್ಸನ್ನೇ ನಿಲ್ಲಿಸಿದರು. ಅನುಮಾನ ಬಂದ ಪತ್ರವನ್ನು ಅಳಿಸು, ಯಾರಿಗೂ ಹೇಳಬೇಡ ಎಂಬ ಸೆಟ್ಟಿಂಗ್ ಹಾಕಿ ಕೂತರು. ಹೆದರಿಕೆ ನಿಜವಾದದ್ದೇ, ಒಪ್ಪುತ್ತೇನೆ. ಆರ್‌ಎಫ್‌ಸಿ 5321 ಕೂಡ ಪಕ್ಕಾ ಮೋಸದ ಪತ್ರ ಎಂಬ ಬಲವಾದ ಖಾತರಿ ಇದ್ದಲ್ಲಿ ಮಾತ್ರ ಸದ್ದಿಲ್ಲದೆ ಬಿಸಾಡುವುದನ್ನು ಯೋಚಿಸಬಹುದು ಎನ್ನುತ್ತದೆ. ಆದರೆ ನಮ್ಮ ಕಚೇರಿಗಳಲ್ಲಿ ಅದು ಅಪವಾದವಾಗಿ ಉಳಿದಿಲ್ಲ. ಸ್ಪ್ಯಾಮ್ ಅಂಕ ಇಷ್ಟು ದಾಟಿದರೆ ಅಳಿಸು ಎಂದು ಯಾರೋ ಎಂದೋ ಬರೆದಿಟ್ಟ ಸಾಲು ವರ್ಷಗಟ್ಟಲೆ ಓಡುತ್ತಿರುತ್ತದೆ. ಅದು ದಿನಕ್ಕೆ ಏನೇನು ಅಳಿಸುತ್ತಿದೆ ಎಂದು ನೋಡುವವರಿಲ್ಲ.

ಪರಿಹಾರ ಇದೆ, ಹಳೆಯದೇ. ಪತ್ರವನ್ನು ಪರೀಕ್ಷಿಸುವುದಿದ್ದರೆ ಕಳಿಸುವ ಸರ್ವರ್ ಇನ್ನೂ ಎದುರಿಗೆ ನಿಂತು ಉತ್ತರ ಕಾಯುತ್ತಿರುವಾಗಲೇ ಪರೀಕ್ಷಿಸಿ, ಬೇಡವಾದರೆ 550 ಎಂದು ಆಗಲೇ ಹೇಳಿಬಿಡುವುದು. ಆಗ ನಮ್ಮ ಸರ್ವರ್ ಯಾರಿಗೂ ಹೊಸ ಪತ್ರ ಕಳಿಸಬೇಕಿಲ್ಲ. ಕಳಿಸಲು ಬಂದ ಸರ್ವರಿಗೆ ಕಾರಣ ಸಿಗುತ್ತದೆ. ಪ್ರಾಮಾಣಿಕ ಸರ್ವರಾದರೆ ಅದು ತನ್ನದೇ ಬಳಕೆದಾರನಿಗೆ ತಿಳಿಸುತ್ತದೆ, ಸ್ಪ್ಯಾಮ್ ಯಂತ್ರವಾದರೆ ಅಲ್ಲೇ ಸಾಯುತ್ತದೆ. ಪೋಸ್ಟ್‌ಫಿಕ್ಸ್, ಎಕ್ಸಿಮ್ ಎರಡರಲ್ಲೂ ಈ ಸೌಲಭ್ಯ ಬಹಳ ಕಾಲದಿಂದ ಇದೆ. ಪುಕ್ಕಟೆ ಸಿಗುವ ಮೇಲ್ ಸರ್ವರ್ ತಂತ್ರಾಂಶಗಳಿವು. ಅಳಿಸುವುದಕ್ಕಿಂತ ಇದಕ್ಕೆ ತುಸು ಹೆಚ್ಚು ಓದಬೇಕು, ಹೆಚ್ಚು ಪರೀಕ್ಷಿಸಬೇಕು, ಅಷ್ಟೇ. ಆ ತುಸು ಶ್ರಮಕ್ಕಾಗಿ ಸಂಬಳ ಪಡೆಯುವವರು ನಾವು.

ಬಾಗಿಲಲ್ಲೇ ಬೇಡವೆಂದ ಸರ್ವರ್ ಎಷ್ಟು ಉಪಕಾರ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಫೌಂಡ್ರಿಯೊಂದರ ಡ್ರಾಯಿಂಗ್ ವಿಭಾಗದ ಹುಡುಗ ಎಂಟು ಎಂಬಿಯ ಕಡತ ಕಳಿಸುತ್ತಾನೆ, ಹಿಂದಿರುಗಿ ಬರುತ್ತದೆ. ಎದುರಿನವರ ಮಿತಿ ಹತ್ತು ಎಂಬಿ ಎಂದು ಫೋನಿನಲ್ಲಿ ಹೇಳಿದ್ದಾರೆ, ಹಾಗಾದರೆ ತಮ್ಮ ಸರ್ವರಿನದೇ ತಪ್ಪು ಎಂದು ನನ್ನನ್ನು ಕರೆಯುತ್ತಾರೆ. ಬೌನ್ಸ್ ಪತ್ರದಲ್ಲಿ 552 ಎಂಬ ಅಂಕಿ, ಗಾತ್ರ ಮೀರಿದೆ ಎಂಬ ಮಾತು ಸ್ಪಷ್ಟವಾಗಿವೆ. ಮೇಲಿನ ಜೊತೆ ಹೋಗುವ ಕಡತ ದಾರಿಗೆ ಬೀಳುವ ಮೊದಲು ಅಕ್ಷರಗಳಾಗಿ ಬದಲಾಗುತ್ತದೆ. ಮೂರು ಬೈಟು ನಾಲ್ಕು ಅಕ್ಷರವಾಗುತ್ತದೆ, ಸಾಲು ಮುರಿದ ಗುರುತುಗಳೂ ಸೇರುತ್ತವೆ. ಎಂಟು ಎಂಬಿ ಹನ್ನೊಂದರ ಹತ್ತಿರ ಬರುತ್ತದೆ. ಪೋಸ್ಟ್‌ಫಿಕ್ಸ್ ಸರ್ವರಿನ ಮೂಲ ಮಿತಿ 1,02,40,000 ಬೈಟು. ಲೆಕ್ಕ ಅಲ್ಲೇ ಮುಗಿಯಿತು. ಕಡತವನ್ನು ಡ್ರೈವಿಗೆ ಹಾಕಿ ಕೊಂಡಿ ಕಳಿಸು ಎಂದೆ, ಹುಡುಗ ಚಹಾ ಆರುವ ಮೊದಲು ಕೆಲಸ ಮುಗಿಸಿದ.

ಜನ ಈ ಬೌನ್ಸ್ ಪತ್ರಗಳನ್ನು ಓದುವುದಿಲ್ಲ ಎಂಬುದು ನನ್ನ ದೊಡ್ಡ ಸಂಕಟ. ‘ಮೇಲರ್ ಡೀಮನ್’ ಎಂಬ ಹೆಸರಲ್ಲಿ ಇಂಗ್ಲಿಷಿನಲ್ಲಿ ಬಂದದ್ದನ್ನು ವೈರಸ್ ಎಂದು ತಿಳಿದು ಅಳಿಸುತ್ತಾರೆ. ಅದರೊಳಗೆ ಕಾಯಿಲೆಯ ಹೆಸರೇ ಬರೆದಿರುತ್ತದೆ: ಪೆಟ್ಟಿಗೆ ತುಂಬಿದೆ, ವಿಳಾಸ ಇಲ್ಲ, ನಿಮ್ಮ ಐಪಿ ಕಪ್ಪುಪಟ್ಟಿಯಲ್ಲಿದೆ. ನಾನು ನೋಡಿಕೊಳ್ಳುವ ಕಚೇರಿಗಳಲ್ಲೆಲ್ಲ ಒಂದೇ ಮಾತು ಹೇಳಿದ್ದೇನೆ. ಅರ್ಥವಾಗದಿದ್ದರೆ ಚಿಂತೆಯಿಲ್ಲ, ಅಳಿಸಬೇಡಿ, ನನಗೆ ಹಾಗೆಯೇ ಕಳಿಸಿ. ಮೊಬೈಲಿನಲ್ಲಿ ಅರ್ಧ ಪರದೆ ಫೋಟೋ ಹೊಡೆದು ಕಳಿಸಬೇಡಿ, ಬೇಕಾದ ಸಾಲು ಯಾವಾಗಲೂ ಉಳಿದರ್ಧದಲ್ಲಿರುತ್ತದೆ.

ಕಪ್ಪುಪಟ್ಟಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಸಣ್ಣ ಕಚೇರಿಯ ಸರ್ವರ್ ಆ ಪಟ್ಟಿ ಸೇರಲು ಸಾಮಾನ್ಯ ಕಾರಣ ಒಬ್ಬ ನೌಕರನ ಪಾಸ್‌ವರ್ಡ್ ಕಳವು. ರಾತ್ರಿ ಆ ಖಾತೆಯಿಂದ ಸಾವಿರಾರು ಕಸದ ಪತ್ರ ಹೊರಡುತ್ತವೆ, ಬೆಳಗ್ಗೆ ಕ್ಯೂ ನೋಡಿದರೆ ಕೊನೆಮೊದಲಿಲ್ಲ. ಮೊದಲು ಪಾಸ್‌ವರ್ಡ್ ಬದಲಿಸಬೇಕು, ಕ್ಯೂ ತೊಳೆಯಬೇಕು, ಆಮೇಲೆ ಪಟ್ಟಿಯಿಂದ ತೆಗೆಯಲು ಕೇಳಬೇಕು. ಈ ಕ್ರಮ ತಪ್ಪಿಸಿದರೆ ಮರುದಿನ ಮತ್ತೆ ಪಟ್ಟಿಯಲ್ಲಿರುತ್ತೇವೆ. ಆದರೆ ಪಟ್ಟಿ ನೋಡಿ ಪತ್ರ ತಡೆಯುವವರಿಗೂ ಹೊಣೆಯಿದೆ. ಓಆರ್‌ಡಿಬಿ ಎಂಬ ಕಪ್ಪುಪಟ್ಟಿ ಸೇವೆ 2006ರ ಡಿಸೆಂಬರಿನಲ್ಲಿ ಮುಚ್ಚಿತು. ಅದನ್ನು ಕೇಳುವುದನ್ನು ಎಷ್ಟೋ ಸರ್ವರುಗಳು ನಿಲ್ಲಿಸಲಿಲ್ಲ. 2008ರ ಮಾರ್ಚಿನಲ್ಲಿ ಅದು ಕೇಳಿದ ಪ್ರತಿ ವಿಳಾಸಕ್ಕೂ ‘ಹೌದು, ಪಟ್ಟಿಯಲ್ಲಿದೆ’ ಎಂದು ಉತ್ತರಿಸತೊಡಗಿತು. ಅದನ್ನು ನಂಬಿದ್ದ ಸರ್ವರುಗಳು ಬಂದ ಪತ್ರವನ್ನೆಲ್ಲ ತಡೆದವು. ಈಗಲೂ ಅದೇ ಜಾತಿಯ ದೋಷ ಸಿಗುತ್ತದೆ. ಸ್ಪ್ಯಾಮ್‌ಹೌಸ್ ಎಂಬ ಕಪ್ಪುಪಟ್ಟಿಯನ್ನು ಗೂಗಲ್ಲಿನಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ 127.255.255.254 ಎಂಬ ಉತ್ತರ ಬರುತ್ತದೆ. ‘ಈ ದಾರಿಯಲ್ಲಿ ಕೇಳಬೇಡ’ ಎಂದು ಅದರರ್ಥ. ಉತ್ತರ ಯಾವುದೇ ಬರಲಿ ಅದನ್ನು ‘ಪಟ್ಟಿಯಲ್ಲಿದೆ’ ಎಂದೇ ಓದುವ ಸರ್ವರ್ ಊರಿನವರನ್ನೆಲ್ಲ ಕಳ್ಳರೆಂದು ತಿಳಿಯುತ್ತದೆ. ಸ್ಪಷ್ಟವಾಗಿ 550 ಎಂದು ತಡೆದರೆ ಇದು ಒಂದು ಗಂಟೆಯಲ್ಲಿ ಹೊರಬೀಳುತ್ತದೆ. ಸದ್ದಿಲ್ಲದೆ ಅಳಿಸಿದರೆ ಎಷ್ಟು ದಿನ ಎಂದು ಯಾರೂ ಹೇಳಲಾರರು.

ಇನ್ನು ದೊಡ್ಡ ಸೇವೆಗಳ ಬಿಗಿ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಕಳಿಸುವವರ ಗುರುತಿನ ಬಗ್ಗೆ ಕಟ್ಟುನಿಟ್ಟಾಗಿವೆ. ಯಾವ ಸರ್ವರುಗಳು ನನ್ನ ಹೆಸರಲ್ಲಿ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್, ಪತ್ರಕ್ಕೆ ಹಾಕುವ ಡಿಜಿಟಲ್ ಸಹಿಯಾದ ಡಿಕಿಮ್, ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್. ದಿನಕ್ಕೆ ಜಿಮೇಲ್ ವಿಳಾಸಗಳಿಗೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ಕಡ್ಡಾಯ, ಉಳಿದವರಿಗೆ ಮೊದಲೆರಡರಲ್ಲಿ ಒಂದಾದರೂ ಬೇಕು. ಇದನ್ನು ದೊಡ್ಡವರ ದಬ್ಬಾಳಿಕೆ ಎಂದು ಕೆಲವರು ಬೈಯುತ್ತಾರೆ. ನಾನು ಬೈಯುವುದಿಲ್ಲ. ಗುರುತಿಲ್ಲದ ಪತ್ರವನ್ನು ಜಿಮೇಲ್ 550 5.7.26 ಎಂಬ ಸಂಖ್ಯೆಯೊಂದಿಗೆ ತಿರುಗಿಸುತ್ತದೆ, ಏನು ಕೊರತೆ ಎಂದೂ ಬರೆಯುತ್ತದೆ. ನಮ್ಮ ಪತ್ತಿನ ಸಂಘದ ಠೇವಣಿ ತಿಳಿವಳಿಕೆ ಪತ್ರಗಳು ಸದಸ್ಯರ ಜಿಮೇಲಿಗೆ ಹೋಗದೆ ನಿಂತಾಗ ಆ ಸಾಲೇ ದಾರಿ ತೋರಿಸಿತು. ಸಂಘದ ಲೆಕ್ಕದ ತಂತ್ರಾಂಶ ಬೇರೆ ಊರಿನ ಬೇರೆ ಸರ್ವರಿನಿಂದ ಸಂಘದ ಹೆಸರಲ್ಲಿ ಮೇಲ್ ಕಳಿಸುತ್ತಿತ್ತು, ಎಸ್‌ಪಿಎಫ್‌ನಲ್ಲಿ ಅದರ ಹೆಸರೇ ಇರಲಿಲ್ಲ. ಇನ್ನೊಂದು ಕಡೆ ಡಿಕಿಮ್ ಸಹಿ ಸರಿಯಾಗಿ ಹಾಕಿದ್ದರೂ ಹೊಂದುತ್ತಿರಲಿಲ್ಲ. ಸಹಿಯಾದ ಮೇಲೆ ಫೈರ್‌ವಾಲ್ ಪೆಟ್ಟಿಗೆ ಪ್ರತಿ ಪತ್ರದ ಅಡಿಯಲ್ಲಿ ‘ಈ ಸಂದೇಶ ಗೋಪ್ಯ’ ಎಂಬ ಕಾನೂನು ಟಿಪ್ಪಣಿ ಅಂಟಿಸುತ್ತಿತ್ತು. ಒಂದಕ್ಷರ ಸೇರಿದರೂ ಸಹಿ ಮುರಿಯುತ್ತದೆ. ಆ ಟಿಪ್ಪಣಿಯನ್ನು ಯಾರೂ ಓದಿದ್ದು ನಾನು ಕಂಡಿಲ್ಲ, ತೆಗೆಸಿದೆ.

ದೊಡ್ಡ ಪ್ರಮಾಣದಲ್ಲಿ ಸರ್ವರುಗಳು ನಿಂತು, ಪತ್ರಗಳು ಉಳಿದ ಒಂದು ಪ್ರಸಂಗವೂ ನನ್ನ ವಾದಕ್ಕೆ ಬೇಕು. 2022ರ ಜನವರಿ 1ರಂದು ಲೋಕದ ಎಷ್ಟೋ ಕಚೇರಿಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ 2016 ಮತ್ತು 2019 ಸರ್ವರುಗಳು ಒಮ್ಮೆಲೇ ಮೇಲ್ ದಾಟಿಸುವುದನ್ನು ನಿಲ್ಲಿಸಿದವು. ವೈರಸ್ ಪರೀಕ್ಷೆಯ ಭಾಗ ತನ್ನ ಆವೃತ್ತಿಯನ್ನು ದಿನಾಂಕದಿಂದ ಕಟ್ಟಿದ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತಿತ್ತು. ಹೊಸ ವರ್ಷದ ಸಂಖ್ಯೆ 2201010001. ಅದನ್ನು ಇಡಲು ಕೊಟ್ಟ ಜಾಗದಲ್ಲಿ ಹಿಡಿಯುವ ಅತಿದೊಡ್ಡ ಸಂಖ್ಯೆ 2147483647. ಹಿಡಿಸಲಿಲ್ಲ, ಪರೀಕ್ಷಕ ಬಿದ್ದ. ಮೈಕ್ರೋಸಾಫ್ಟ್ ಕೊಟ್ಟ ಪರಿಹಾರದ ಸಂಖ್ಯೆ 2112330001, ಅಂದರೆ 2021ರ ಡಿಸೆಂಬರ್ 33. ಹೊಸ ವರ್ಷದ ರಜೆಯಲ್ಲಿ ಆಡಳಿತಗಾರರು ಕಚೇರಿಗೆ ಓಡಿದರು, ಪತ್ರಗಳು ತಾಸುಗಟ್ಟಲೆ ತಡವಾದವು. ಆದರೆ ಪರೀಕ್ಷಿಸಲಾಗದ ಪತ್ರವನ್ನು ಆ ಸರ್ವರ್ ಬಿಸಾಡಲಿಲ್ಲ, ಕ್ಯೂನಲ್ಲಿ ಹಿಡಿದಿಟ್ಟುಕೊಂಡಿತು. ತೊಂದರೆ ಏನೆಂದು ಲಾಗಿನಲ್ಲಿ ಬರೆಯಿತು. ಸರಿಪಡಿಸಿದ ಮೇಲೆ ಕ್ಯೂ ಕರಗಿತು. ಅಷ್ಟು ದೊಡ್ಡ ದೋಷ ಕೆಲವೇ ದಿನಗಳ ತಲೆನೋವಾಗಿ ಮುಗಿದದ್ದು ಈ ಕಾರಣಕ್ಕೆ. ಕಾಕಾರ ಕಾರ್ಖಾನೆಯ ಒಂದು ಸಣ್ಣ ಸೆಟ್ಟಿಂಗ್ ಒಂದು ಮಳೆಗಾಲವನ್ನೇ ತಿಂದದ್ದಕ್ಕೂ ಇದೇ ಕಾರಣ, ತಿರುವುಮುರುವಾಗಿ.

ಈಗ ಕಾನೂನಿನ ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೇ ಸೆಕ್ಷನ್ ಇ-ಪತ್ರ ಯಾವಾಗ ‘ತಲುಪಿತು’ ಎಂದು ಹೇಳುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಪಡೆಯುವವರು ಇಂಥ ಕಡೆಗೇ ಕಳಿಸಿ ಎಂದು ಒಂದು ಗಣಕ ವ್ಯವಸ್ಥೆಯನ್ನು ಗೊತ್ತುಮಾಡಿದ್ದರೆ, ಪತ್ರ ಅದನ್ನು ಹೊಕ್ಕ ಹೊತ್ತೇ ತಲುಪಿದ ಹೊತ್ತು. ಓದಿದಿರಾ ಎಂದು ಅದು ಕೇಳುವುದಿಲ್ಲ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ನೋಂದಣಿಯ ವೇಳೆ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳಿಸುವುದೂ ನೋಟಿಸ್ ಜಾರಿ ಮಾಡುವ ಮಾನ್ಯ ವಿಧಾನಗಳಲ್ಲೊಂದು. ಹೀಗಿರುವಾಗ ಸಣ್ಣ ವ್ಯಾಪಾರಿಯ ಸರ್ವರ್ 250 ಎಂದು ಹೇಳಿ ಪತ್ರವನ್ನು ನುಂಗಿದರೆ ನಷ್ಟ ಆ ವ್ಯಾಪಾರಿಯ ತಲೆಗೇ ಬರುತ್ತದೆ. ನನಗೆ ಮುಟ್ಟಿಲ್ಲ ಎಂದು ಅವನು ಯಾವ ಬಾಯಲ್ಲಿ ಹೇಳಬೇಕು? ಕಳಿಸಿದವರ ಲಾಗಿನಲ್ಲಿ ಅವನದೇ ಸರ್ವರ್ ಕೊಟ್ಟ ಒಪ್ಪಿಗೆ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಇರುತ್ತದೆ. ಎದುರಾಗಿ ತೋರಿಸಲು ಅವನ ಬಳಿ ತನ್ನ ಲಾಗೇ ಇರುವುದಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗನ್ನು 180 ದಿನ ಉಳಿಸಬೇಕು ಎನ್ನುತ್ತದೆ. ಹೊಸದಾಗಿ ಕೈಗೆ ಬರುವ ಕಚೇರಿಗಳಲ್ಲಿ ನಾನು ಕಾಣುವುದು ಕಂಪ್ಯೂಟರ್ ತಾನಾಗಿಯೇ ಇಟ್ಟ ನಾಲ್ಕು ವಾರದ ಲಾಗ್. ಐದನೆಯ ವಾರ ದೂರು ಬಂದರೆ ನೋಡಲು ಏನೂ ಇಲ್ಲ.

ಸಾರ್ವಜನಿಕ ಕಚೇರಿಗಳ ವಿಷಯ ಇನ್ನೂ ಗಂಭೀರ. ಅರ್ಜಿ, ಆಕ್ಷೇಪಣೆ, ಟೆಂಡರ್ ಸ್ಪಷ್ಟನೆಗೆ ಮೇಲ್ ವಿಳಾಸ ಕೊಟ್ಟು, ಆ ಪೆಟ್ಟಿಗೆ ತುಂಬಿ ತುಳುಕಿದರೆ ಅಥವಾ ಅದನ್ನು ನೋಡುತ್ತಿದ್ದ ಗುಮಾಸ್ತರು ವರ್ಗವಾಗಿ ಹೋದರೆ ನಾಗರಿಕನಿಗೆ ತಿಳಿಯುವ ದಾರಿ ಯಾವುದು? ಪ್ರತಿ ಡೊಮೇನಿಗೂ ಪೋಸ್ಟ್‌ಮಾಸ್ಟರ್ ಎಂಬ ವಿಳಾಸ ಇರಲೇಬೇಕು ಎಂದು ಎಸ್‌ಎಂಟಿಪಿ ನಿಯಮ ಹೇಳುತ್ತದೆ. ಮೇಲ್ ಹೋಗುತ್ತಿಲ್ಲ ಎಂದು ಹೊರಗಿನವರು ದೂರು ಹೇಳಲು ಇರುವ ಬಾಗಿಲು ಅದು. ಎಷ್ಟು ಕಚೇರಿಗಳಲ್ಲಿ ಅದನ್ನು ಮನುಷ್ಯನೊಬ್ಬ ಓದುತ್ತಾನೆ ಎಂದು ಆಯಾ ಕಚೇರಿಯ ಮುಖ್ಯಸ್ಥರು ಇವತ್ತೇ ವಿಚಾರಿಸಬೇಕು. ಹಾಗೆಯೇ ಡೊಮೇನು ಯಾರ ಹೆಸರಲ್ಲಿದೆ, ಅದರ ಪಾಸ್‌ವರ್ಡ್ ಯಾರ ಬಳಿ ಇದೆ ಎಂದೂ ಕೇಳಬೇಕು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಪುಣೆಗೆ ಕೆಲಸಕ್ಕೆ ಹೋಗಿದ್ದಾನೆ, ಅವನ ಖಾಸಗಿ ಮೇಲಿಗೆ ನವೀಕರಣದ ನೆನಪೋಲೆ ಹೋಗುತ್ತಿದೆ, ಡೊಮೇನಿನ ಅವಧಿ ಮುಗಿಯುತ್ತಿದೆ ಎಂಬ ಸ್ಥಿತಿ ನನಗೆ ಪದೇ ಪದೇ ಎದುರಾಗುತ್ತದೆ.

ಕಾಕಾರ ಪ್ರಸಂಗದ ನಂತರ ನನ್ನ ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಕೆಲವು ಷರತ್ತು ಸೇರಿಸಿದ್ದೇನೆ. ಪತ್ರವನ್ನು ಸದ್ದಿಲ್ಲದೆ ಅಳಿಸುವ ಯಾವ ನಿಯಮವೂ ಸರ್ವರಿನಲ್ಲಿರಬಾರದು. ತಡೆಯುವುದಿದ್ದರೆ ಬಾಗಿಲಲ್ಲೇ ಕಾರಣದೊಂದಿಗೆ ತಡೆಯಬೇಕು, ಅನುಮಾನಕ್ಕೆ ಪ್ರತ್ಯೇಕ ಇಟ್ಟದ್ದರ ಪಟ್ಟಿ ಪ್ರತಿ ಸಂಜೆ ಸಂಬಂಧಿಸಿದವರಿಗೆ ಹೋಗಬೇಕು. ಲಾಗ್ 180 ದಿನ. ಪೋಸ್ಟ್‌ಮಾಸ್ಟರ್ ಪತ್ರಗಳು ಕಚೇರಿಯ ಒಬ್ಬರಿಗೂ ನನಗೂ. ಡೊಮೇನ್ ಸಂಸ್ಥೆಯ ಹೆಸರಲ್ಲಿ, ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಸಂಸ್ಥೆಯ ತಿಜೋರಿಯಲ್ಲಿ. ಮೇಲನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಿದರೆ ಹಳೆಯ ಪೆಟ್ಟಿಗೆಗಳಲ್ಲಿದ್ದುದನ್ನು ಹೊರತೆಗೆದ ಮೇಲೆ ಪೆಟ್ಟಿಗೆಗಳನ್ನೇ ಅಳಿಸಿ, ವೆಬ್‌ಸೈಟಿನ ಫಾರ್ಮಿನಿಂದಲೂ ಅದೇ ಸರ್ವರಿನ ನೆರೆಯವರ ವಿಳಾಸದಿಂದಲೂ ಪರೀಕ್ಷಾ ಪತ್ರ ಕಳಿಸಿ ನೋಡದೆ ಕೆಲಸ ಮುಗಿಯಿತೆಂದು ಬರೆಯಕೂಡದು. ಕಾಲೇಜಿನವರು ಒಪ್ಪಿ ಸಹಿ ಹಾಕಿದ್ದಾರೆ. ಪತ್ತಿನ ಸಂಘದ ಆಡಳಿತ ಮಂಡಳಿ ಮುಂದಿನ ಸಭೆಯ ವಿಷಯಪಟ್ಟಿಗೆ ತೆಗೆದುಕೊಂಡಿದೆ. ಪಾಲಿಕೆ, ವಿಶ್ವವಿದ್ಯಾಲಯ, ಜಿಲ್ಲಾ ಕಚೇರಿಗಳು ಮೇಲ್ ಸೇವೆಗೆ ಟೆಂಡರ್ ಕರೆಯುವಾಗ ಇದೇ ಸಾಲುಗಳನ್ನು ಸೇರಿಸಲು ಅಡ್ಡಿಯಾಗುವಂಥದ್ದೇನೂ ನನಗೆ ಕಾಣುವುದಿಲ್ಲ. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ, ಲೈಸೆನ್ಸಿಗೆ ಹಣ ಕಟ್ಟಬೇಕಿಲ್ಲ.